ಹಿಡಿದು ನಿಂತ ದನಿ

ಅವರ ಹೆಸರು ಬರೆಯುವುದಿಲ್ಲ. ಬೇಡ ಎಂದು ಅವರೇ ಕೇಳಿಕೊಂಡರು. "ನನ್ನ ಬಗ್ಗೆ ಏನ್ ಬೇಕಾದ್ರೂ ಬರ್ಕೊಳ್ಳಿ ಮೇಡಂ, ಹೆಸರೊಂದು ಬಿಟ್ಬಿಡಿ. ಇನ್ನೊಂದ್ಸಲ ವೀಸಾಕ್ಕೆ ಅಂತ ಆ ಕಾನ್ಸುಲೇಟ್ ಕಿಟಕಿ ಮುಂದೆ ನಿಲ್ಲೋ ಗ್ರಹಚಾರ ಇದೆಯೋ ಏನೋ" ಎಂದರು. ನಾನು ಅವರನ್ನು ಕರೆಯುತ್ತಿದ್ದುದೇ ಮೇಷ್ಟ್ರು ಎಂದು. ಇಲ್ಲೂ ಹಾಗೇ ಇರಲಿ.

ಮೊದಲು ನೋಡಿದ್ದು 2020ರ ಬೇಸಿಗೆಯಲ್ಲಿ, ಅಮೆರಿಕದ ಡುಲುತ್ ಎಂಬ ಊರಿನ ಇಂಡಿಯನ್ ಅಂಗಡಿಯ ಹೊರಗೆ. ಆರಾರು ಅಡಿಗೆ ಒಬ್ಬರಂತೆ ಬಿಸಿಲಲ್ಲಿ ಸಾಲು ನಿಂತಿದ್ದೆವು. ಮಾಸ್ಕಿನೊಳಗೆ ಯಾರಿಗೂ ಕೇಳಿಸದು ಎಂಬ ಧೈರ್ಯದಲ್ಲಿ ನಾನು ಹಳೆಯ ವರ್ಣವೊಂದನ್ನು ಗುನುಗುತ್ತಿದ್ದೆ. ಹಿಂದಿನಿಂದ ಶುದ್ಧ ಮೈಸೂರು ಕನ್ನಡದಲ್ಲಿ ಯಾರೋ ಹೇಳಿದರು: "ಕ್ಷಮಿಸಿ ಮೇಡಂ, ನಿಮ್ಮ ಷಡ್ಜ ಅಲ್ಲಾಡಲ್ಲ. ಅಪರೂಪ ಅದು."

ತಿರುಗಿ ನೋಡಿದೆ. ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಇಸ್ತ್ರಿ ಮಾಡಿದ ಪೂರ್ತಿ ತೋಳಿನ ಅಂಗಿ, ಕೈಯಲ್ಲಿ ಬಟ್ಟೆ ಚೀಲ. ನಾನು ಎಲ್ಲಿಯವಳು ಎಂದು ಕೇಳುವ ಬದಲು "ಯಾರ ಹತ್ರ ಕಲ್ತಿದ್ದು?" ಎಂದು ಕೇಳಿದರು. ಅಮೆರಿಕಕ್ಕೆ ಬಂದು ನಾಲ್ಕು ವರ್ಷದಲ್ಲಿ ನನ್ನನ್ನು ಯಾರೂ ಕೇಳದಿದ್ದ ಪ್ರಶ್ನೆ ಅದು. ಎಲ್ಲರೂ ಕೇಳುತ್ತಿದ್ದುದು ಗಂಡ ಯಾವ ಕಂಪನಿ ಎಂದು.

ಅವರು ಮೈಸೂರಿನ ಕ್ರೈಸ್ತ ಕುಟುಂಬದವರು. ಪಾದ್ರಿಯಾಗಲೆಂದು ಸೆಮಿನರಿ ಸೇರಿ, ಅಲ್ಲಿ ಸಾವಿರ ವರ್ಷ ಹಳೆಯ ಲ್ಯಾಟಿನ್ ಹಾಡುಗಳನ್ನು ಕಲಿತು, ಪಾದ್ರಿಯಾಗದೆ ಹೊರಬಂದವರು. "ದೇವ್ರು ಕರೀತಿದಾನೆ ಅನ್ಕೊಂಡೆ. ಕರೀತಿದ್ದಿದ್ದು ಹಾಡು. ಇಬ್ರೂ ಒಂದೇ ಬಾಗಿಲಲ್ಲಿ ನಿಂತಿದ್ರು, ಗುರುತು ಹಿಡಿಯೋದು ತಡ ಆಯ್ತು." ಆಮೇಲೆ ಶಾಲೆಯಲ್ಲಿ ಇಪ್ಪತ್ತು ವರ್ಷ ಇಂಗ್ಲಿಷ್ ಪಾಠ. ಮದುವೆಯಾಗಲಿಲ್ಲ. ಒಮ್ಮೆ ಮೈಸೂರಿಗೆ ಬಂದಿದ್ದ ಅಮೆರಿಕದ ಪಾದ್ರಿಯೊಬ್ಬರು ಇವರ ಹಾಡು ಕೇಳಿ ತಮ್ಮ ಚರ್ಚಿಗೆ ಗಾಯಕರಾಗಿ ಕರೆಸಿಕೊಂಡರು. 2019ರ ವಸಂತದಲ್ಲಿ ಬಂದರು. ಧಾರ್ಮಿಕ ಕೆಲಸದ ವೀಸಾ, ಗರಿಷ್ಠ ಐದು ವರ್ಷ, ಆ ಒಂದು ಚರ್ಚಿನಲ್ಲಿ ಆ ಒಂದೇ ಕೆಲಸ. ಬೇರೆಲ್ಲೂ ಹಾಡುವಂತಿಲ್ಲ, ಕಾಸು ತೆಗೆದುಕೊಂಡು ಪಾಠ ಹೇಳುವಂತಿಲ್ಲ. ನನ್ನದು ಗಂಡನ ವೀಸಾಕ್ಕೆ ಅಂಟಿದ ಡಿಪೆಂಡೆಂಟ್ ವೀಸಾ, ಯಾವ ಕೆಲಸವನ್ನೂ ಮಾಡುವಂತಿಲ್ಲ. ಅದನ್ನು ಕೇಳಿ ಅವರು ನಕ್ಕರು. "ನಂಗೆ ಒಂದೇ ಕೋಣೆ, ನಿಮಗೆ ಒಂದೇ ಮನೆ. ನೀವು ಶ್ರೀಮಂತರು."

ನನ್ನ ಮಗಳಿಗೆ ಆಗ ಎಂಟು ವರ್ಷ. ಅವಳನ್ನು ಕರೆದುಕೊಂಡು ಶನಿವಾರ ಚರ್ಚಿನ ಹಿಂದಿನ ಪಿಕ್ನಿಕ್ ಮೇಜಿಗೆ ಹೋಗತೊಡಗಿದೆ. ಮೇಷ್ಟ್ರು ಮೇಜಿನ ಆ ತುದಿಯಲ್ಲಿ, ನಾವು ಈ ತುದಿಯಲ್ಲಿ. ಫೀಸು ಬೇಡವೆಂದರು. ನಾನು ಮೈಸೂರು ಪಾಕು ಕೊಟ್ಟಾಗ ಡಬ್ಬಿಯನ್ನೇ ನೋಡುತ್ತ ಕೂತರು. "ಇದು ಸಂಬಳ ಆಗತ್ತಾ ಮೇಡಂ?" ಎಂದು ನಿಜವಾಗಿಯೂ ಕೇಳಿದರು. ಮಗಳು ನಕ್ಕಳು. ನಾನು ನಗಲಿಲ್ಲ. ನಮ್ಮ ಮನೆಯಲ್ಲೂ ಇಂಥ ಪ್ರಶ್ನೆಗಳೇ ಇರುತ್ತಿದ್ದವು.

ಅವರು ಕಲಿಸುತ್ತಿದ್ದ ರೀತಿ ಹೀಗೆ. ಎಡಗೈ ಎತ್ತಿ ಗಾಳಿಯಲ್ಲಿ ಗುಡ್ಡ ಹತ್ತಿಸಿ ಇಳಿಸುತ್ತಿದ್ದರು. "ಮೊದ್ಲು ಸ್ವರ ಬರೆಯೋಕೆ ಗೆರೆಗಳೇ ಇರ್ಲಿಲ್ಲ ಮರಿ. ಹಾಡಿಸೋನ ಕೈ ಹೆಂಗಾಡ್ತೋ ಹಂಗೇ ಒಂದ್ ಗುರುತು ಹಾಕ್ತಿದ್ರು. ಅದಕ್ಕೆ ನ್ಯೂಮ್ ಅಂತ ಹೆಸರು. ಹತ್ತು ಅನ್ನತ್ತೆ, ಇಳಿ ಅನ್ನತ್ತೆ. ಎಷ್ಟು ಅಂತ ಹೇಳಲ್ಲ."

"ದೆನ್ ಹೌ ಡು ಯು ನೋ?" ಮಗಳು ಕೇಳಿದಳು.

"ಮೊದ್ಲೇ ಗೊತ್ತಿರ್ಬೇಕು. ಗೊತ್ತಿರೋರಿಗೆ ಜ್ಞಾಪಿಸೋಕೆ ಅಷ್ಟೇ ಅದು."

ಒಂದೇ ಅಕ್ಷರವನ್ನು ಹದಿನೈದು ಇಪ್ಪತ್ತು ಸ್ವರದ ಮೇಲೆ ಎಳೆಯುವುದಕ್ಕೆ ಮೆಲಿಸ್ಮಾ ಎನ್ನುತ್ತಿದ್ದರು. ನಾನು "ನಮ್ಮ ಅಕಾರದ ಹಾಗೆ" ಎಂದೆ. ಒಪ್ಪಿದರು. ಇನ್ನೊಂದು ಹಾಡು ಕೇಳಿ "ಇದು ಖರಹರಪ್ರಿಯ ಅಲ್ವಾ?" ಎಂದಾಗ ಒಪ್ಪಲಿಲ್ಲ. "ಸ್ವರ ಅವೇ. ವಾಸ ಬೇರೆ. ಇಲ್ಲಿಯವರು ಇದನ್ನ ಮೋಡ್ ಅಂತಾರೆ." ನಾನು ಹಾಡಿದರೆ ಅಭ್ಯಾಸಬಲದಿಂದ ಗಮಕ ಬಂದುಬಿಡುತ್ತಿತ್ತು. ಆಗ ಎರಡೂ ಕೈ ಜೋಡಿಸುತ್ತಿದ್ದರು. "ಸ್ವರಾನ ಅಲ್ಲಾಡಿಸ್ಬೇಡಿ ಮೇಡಂ. ನಿಂತ್ಕೊಳ್ಳಲಿ ಬಿಡಿ, ಪಾಪ."

ಆ ವರ್ಷ ಗುಂಪಾಗಿ ಹಾಡುವುದೇ ಅಪಾಯ ಎನಿಸಿಬಿಟ್ಟಿತ್ತು. ಚರ್ಚಿನ ಮೂವತ್ತು ಜನರ ಗಾಯನವೃಂದ, ಅಂದರೆ ಕಾಯರ್, ಮನೆ ಸೇರಿತ್ತು. ಪೂಜೆ ಖಾಲಿ ಚರ್ಚಿನಲ್ಲಿ ನಡೆಯುತ್ತಿತ್ತು, ಊರವರು ಮನೆಯಿಂದ ಯೂಟ್ಯೂಬಿನಲ್ಲಿ ನೋಡುತ್ತಿದ್ದರು. ಹಿಂಭಾಗದ ಮರದ ಅಟ್ಟದ ಮೇಲೆ ನಿಂತು ಮೇಷ್ಟ್ರೊಬ್ಬರೇ ಹಾಡುತ್ತಿದ್ದರು. ಪಕ್ಕವಾದ್ಯವಿಲ್ಲ, ಜೊತೆದನಿಯಿಲ್ಲ. "ಚರಿತ್ರೆ ಹಿಂದಕ್ಕೆ ಹೋಗಿದೆ. ಎಲ್ಲಾ ಶುರುವಾಗಿದ್ದೇ ಒಂಟಿ ದನಿಯಿಂದ" ಎನ್ನುತ್ತಿದ್ದರು. ಒಳಗೊಳಗೆ ಅವರಿಗೆ ಅದು ಇಷ್ಟವಿತ್ತು ಎಂದು ನನ್ನ ಅನುಮಾನ. ನಾನೂ ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಆ ದನಿ ಹಚ್ಚಿಕೊಂಡು ಒಗ್ಗರಣೆ ಹಾಕುತ್ತಿದ್ದೆ.

ಮುಂದಿನ ಜನವರಿಯಲ್ಲಿ ಮೇಷ್ಟ್ರಿಗೆ ಕೋವಿಡ್ ಆಯಿತು. ಚರ್ಚಿನ ಹಿಂದಿನ ಒಂಟಿ ಕೋಣೆಯಲ್ಲಿ ಹದಿನೆಂಟು ದಿನ ಮಲಗಿದರು. ನಾನು ಬಾಗಿಲ ಹೊರಗೆ ಸಾರು ಅನ್ನ ಇಟ್ಟು ಬರುತ್ತಿದ್ದೆ. ಫೆಬ್ರವರಿಯಲ್ಲಿ ಮತ್ತೆ ಹಾಡು ಶುರುವಾಯಿತು. ಫೋನಿನಲ್ಲಿ ಕೇಳಿದೆ. ಮೊದಲಿಗಿಂತ ಚೆನ್ನಾಗಿತ್ತು. ಸಮಾಧಾನವಾಯಿತು. ಆದರೆ ಶನಿವಾರದ ಪಾಠ ಮಾತ್ರ ಮತ್ತೆ ಶುರುವಾಗಲಿಲ್ಲ. ಕೇಳಿದರೆ "ಸುಸ್ತು ಮೇಡಂ" ಎಂದು ಮೆಸೇಜು.

ಮಾರ್ಚಿನ ಒಂದು ಭಾನುವಾರ ಬಿಸಿಬೇಳೆಬಾತ್ ಮಾಡಿದ್ದೆ. ಬಿಸಿಯಾಗಿಯೇ ಕೊಡೋಣವೆಂದು ಪೂಜೆಯ ಹೊತ್ತಿಗೇ ಹೋದೆ. ಪಕ್ಕದ ಬಾಗಿಲು ತೆರೆದಿತ್ತು. ಕೆಳಗೆ ಫಾದರ್ ಮತ್ತು ಕ್ಯಾಮೆರಾ ನೋಡಿಕೊಳ್ಳುವ ಒಬ್ಬರು. ಮೇಲಿನಿಂದ ಮೇಷ್ಟ್ರ ದನಿ ತುಂಬಿ ಹರಿಯುತ್ತಿತ್ತು. ಸದ್ದಾಗದಂತೆ ಅಟ್ಟದ ಮೆಟ್ಟಿಲು ಹತ್ತಿದೆ. ಮೇಷ್ಟ್ರು ಮೈಕಿನ ಮುಂದೆ ನೆಟ್ಟಗೆ ನಿಂತಿದ್ದರು, ಮಾಸ್ಕು ಹಾಕಿಕೊಂಡು. ದನಿ ಮೇಲೇರಿತು, ಉದ್ದಕ್ಕೆ ನಿಂತಿತು. ಅವರ ಎದೆ ಏರಲಿಲ್ಲ. ಮಾಸ್ಕು ಅಲ್ಲಾಡಲಿಲ್ಲ. ಪಕ್ಕದ ಸ್ಟೂಲಿನ ಮೇಲೆ ಲ್ಯಾಪ್‌ಟಾಪು, ಅದರಿಂದ ಹೊರಟ ಒಂದು ವೈರು.

ನನ್ನನ್ನು ಕಂಡರು. ಹಾಡು ಮುಗಿಯುವವರೆಗೆ ಇಬ್ಬರೂ ಹಾಗೇ ನಿಂತಿದ್ದೆವು. ಮುಗಿದ ಮೇಲೆ ಅವರು ಗುಂಡಿ ಒತ್ತಿದರು.

ಪೂಜೆಯಾಗಿ ಎಲ್ಲರೂ ಹೋದ ಮೇಲೆ ಅಟ್ಟದ ಮೆಟ್ಟಿಲಲ್ಲಿ ಕೂತರು. ಡಬ್ಬಿ ಮುಟ್ಟಲಿಲ್ಲ.

"ಎಷ್ಟು ವಾರದಿಂದ?" ಎಂದೆ.

"ಇದು ಆರನೇದು. ಹೋದ್ ವರ್ಷದ ರೆಕಾರ್ಡಿಂಗು."

"ಡಾಕ್ಟರ್‌ಗೆ ತೋರಿಸಿದ್ರಾ?"

"ತೋರಿಸ್ದೆ. ಸರಿ ಹೋದ್ರೂ ಹೋಗ್ಬಹುದು, ಹೋಗ್ದೇನೂ ಇರ್ಬಹುದು ಅಂದ್ರು." ಆಮೇಲೆ ಹಾಡಿ ತೋರಿಸಿದರು. ಷಡ್ಜದಿಂದ ಪಂಚಮದವರೆಗೆ ಹೇಗೋ ಹೋಯಿತು. ಅದರಾಚೆ ದನಿ ಒಡೆದು ಬರೀ ಗಾಳಿ ಬಂತು. "ಐದು ಸ್ವರ ಉಳಿದಿದೆ ಮೇಡಂ. ನಾನು ಈ ದೇಶದಲ್ಲಿರೋದು ಈ ಗಂಟಲಿಂದ. ಅರ್ಜೀಲಿ ಅದನ್ನೇ ಬರೆದಿದಾರೆ. ಗಂಟಲು ಹೋಯ್ತು ಅಂದ್ರೆ ಕೆಲಸ ಹೋಯ್ತು, ಕೆಲಸ ಹೋಯ್ತು ಅಂದ್ರೆ..." ಕೈಯನ್ನು ಬಾಗಿಲ ಕಡೆ ತೋರಿಸಿದರು. "ವಾಪಸ್ ಹೋಗೋಕೆ ಅಲ್ಲಿ ನನ್ನ ಕೆಲಸಾನೂ ಇಲ್ಲ. ಬಿಟ್ಟು ಬಂದಿದೀನಿ."

ನನಗೆ ಸಿಟ್ಟು ಬಂತು. ಯಾಕೆಂದು ಈಗಲೂ ಸರಿಯಾಗಿ ಹೇಳಲಾರೆ. ಆರು ವಾರ ನಾನು ಸಮಾಧಾನಪಟ್ಟಿದ್ದು ಒಂದು ಯಂತ್ರದ ಹಾಡಿಗೆ ಎಂಬುದಕ್ಕಿರಬೇಕು. "ಐದೇ ಸ್ವರ ಇದ್ರೆ ಐದನ್ನೇ ಹಾಡಿ ಮೇಷ್ಟ್ರೇ. ಇದು ಬೇಡ" ಎಂದೆ.

ಅವರು "ಹಾಗಾದ್ರೆ ನೀವು ಮೇಲಿನದು ಹಾಡ್ತೀರಾ?" ಎಂದರು.

ಆಗ ಹೇಳಿಕೊಟ್ಟದ್ದು ಆರ್ಗನಮ್. ಹಳೆಯ ಒಂಟಿ ಹಾಡಿಗೆ ಎರಡನೆಯ ದನಿ ಕೂಡಿಸುವ ಮೊದಲ ಪ್ರಯತ್ನ ಅದು. ಶುರುವಿನಲ್ಲಿ ಒಬ್ಬರು ಷಡ್ಜದಲ್ಲಿ ಹೋದರೆ ಇನ್ನೊಬ್ಬರು ಪಂಚಮದಲ್ಲಿ ಜೊತೆಗೇ ನಡೆಯುತ್ತಿದ್ದರಂತೆ. ಆಮೇಲೆ ಕೆಳಗಿನ ದನಿ ಹಾಡಿನ ಒಂದೊಂದು ಸ್ವರವನ್ನೂ ಉದ್ದಕ್ಕೆ ಹಿಡಿದು ನಿಂತಿತು, ಮೇಲಿನ ದನಿ ಅದರ ಮೇಲೆ ಬಳ್ಳಿಯಂತೆ ಓಡಾಡತೊಡಗಿತು. "ಕೆಳಗಿರೋನಿಗೆ ಟೆನರ್ ಅಂತ ಹೆಸರು. ಈಗ ಟೆನರ್ ಅಂದ್ರೆ ಎತ್ತರದ ಗಂಡುದನಿ ಅಂತಾರೆ. ಮೂಲದಲ್ಲಿ ಹಂಗಲ್ಲ. ಟೆನರ್ ಅಂದ್ರೆ ಹಿಡ್ಕೊಂಡಿರೋನು ಅಂತ. ಅಷ್ಟೇ ಕೆಲಸ. ಅದು ನನ್ನ ಕೈಲಾಗತ್ತೆ."

ಅದೂ ಸುಲಭವಾಗಿರಲಿಲ್ಲ. ಅವರಿಗೆ ಉಸಿರು ಸಾಲುತ್ತಿರಲಿಲ್ಲ. "ನಾನು ಉಸಿರು ತಗೊಳ್ಳೋವಾಗ ನೀವು ನಿಲ್ಲಬೇಡಿ, ಓಡ್ತಾ ಇರಿ. ಕೆಳಗಿರೋರಿಗೆ ಗೊತ್ತಾಗಲ್ಲ." ಅವರ ಭುಜ ಕುಸಿಯುವುದನ್ನು ಓರೆಗಣ್ಣಿನಲ್ಲಿ ನೋಡಿಕೊಂಡು, ಅಲ್ಲಿಗೇ ನನ್ನ ಅತಿ ದಟ್ಟವಾದ ಸ್ವರಗಳನ್ನು ತುಂಬುವುದನ್ನು ಕಲಿತೆ.

ಮನೆಯಲ್ಲಿ ಒಪ್ಪಿಸುವುದು ಬೇರೆ ಕೆಲಸ. ನನ್ನ ಗಂಡ ಕೆಟ್ಟವರಲ್ಲ, ಹೆದರಿದವರು. "ಅಲ್ಲಿ ಹೋಗಿ ಹಾಡಿದ್ರೆ ಅದು ಕೆಲಸ ಅಂತ ಆಗಲ್ವಾ? ನಾಳೆ ಗ್ರೀನ್ ಕಾರ್ಡ್ ಅಪ್ಲೈ ಮಾಡುವಾಗ ಯಾರಾದ್ರೂ ಕೇಳಿದ್ರೆ?" ಎಂದರು. ವಾಲಂಟಿಯರ್ ಎಂದು ಹೇಳಿದೆ. "ಚರ್ಚಲ್ಲಿ ಅಂತ ಅಮ್ಮಂಗೆ ಹೇಳ್ಬೇಡ" ಎಂದರು. "ವಿಡಿಯೋದಲ್ಲಿ ಮುಖ ಬರಬಾರದು" ಎಂದರು. ಅಟ್ಟದ ಮೇಲೆ ಮುಖ ಬರುವುದಿಲ್ಲ ಎಂದು ತೋರಿಸಿದೆ. ಪ್ರತಿ ಶನಿವಾರ ಸಂಜೆ ಅದೇ ಮಾತು ಹೊಸದಾಗಿ ಶುರುವಾಗುತ್ತಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ನಾನು ಅಪ್ಪಣೆ ಪಡೆದವಳಂತೆ ಹೊರಡುತ್ತಿದ್ದೆ.

ಈಸ್ಟರ್‌ನ ಹೊತ್ತಿಗೆ ಎರಡು ದನಿ ಸಿದ್ಧವಾಯಿತು. ಹನ್ನೆರಡು ಅಡಿ ದೂರದಲ್ಲಿ ನಿಂತು ಹಾಡಿದೆವು. ಕೆಳಗೆ ಫಾದರ್ ತಲೆ ಎತ್ತಿ ನೋಡಿದ್ದು ನೆನಪಿದೆ. ಊರವರಿಂದ ಮೇಷ್ಟ್ರಿಗೆ ಮೆಚ್ಚುಗೆಯ ಮೆಸೇಜುಗಳು ಬಂದವು. ಅವರು ಒಂದನ್ನೂ ನಂಬಲಿಲ್ಲ. "ಎಷ್ಟು ದಿನ ನಡೆಯತ್ತೆ ಇದು?" ಎನ್ನುತ್ತಿದ್ದರು.

ನಡೆಯಿತು, ಮೂರು ವರ್ಷ. ನಿರ್ಬಂಧಗಳು ಸಡಿಲವಾದಂತೆ ಮೂರನೆಯವರು ಬಂದರು, ನಾಲ್ಕನೆಯವರು ಬಂದರು, ಕಾಯರ್ ಮತ್ತೆ ತುಂಬಿತು. ಮೇಷ್ಟ್ರು ಕಲಿಸುತ್ತಿದ್ದರು, ಕೈ ಆಡಿಸುತ್ತಿದ್ದರು, ತಾವು ಕೆಳಗಿನ ಸ್ವರ ಹಿಡಿಯುತ್ತಿದ್ದರು. ಯಾರಾದರೂ "ನೀವೊಬ್ಬರೇ ಒಂದು ಹಾಡಿ" ಎಂದರೆ ಅಂದು ನೆಗಡಿ. ಗಂಟಲು ಸುಧಾರಿಸಲೇ ಇಲ್ಲ. ಗುಟ್ಟು ನಮ್ಮಿಬ್ಬರಲ್ಲೇ ಉಳಿಯಿತು. ಅವರು ಊರಿಗೂ ಹೋಗಿ ಬರಲಿಲ್ಲ. ವೀಸಾ ಮುದ್ರೆಗೆ ಕಾನ್ಸುಲೇಟಿಗೆ ಹೋದರೆ ಏನು ಕೆಲಸ ಎಂದು ಕೇಳುತ್ತಾರೆ, ಹಾಡುವುದು ಎಂದರೆ ಎಲ್ಲಿ ಹಾಡು ಎಂದುಬಿಡುತ್ತಾರೆ ಎಂಬ ಭಯ. ನಾನು ನಕ್ಕು "ಹಾಗೆಲ್ಲ ಕೇಳಲ್ಲ ಮೇಷ್ಟ್ರೇ" ಎಂದರೆ, "ನಿಮ್ಮ ಯಜಮಾನ್ರು ಸಾಫ್ಟ್‌ವೇರ್ ಅಂದಿದ್ದಕ್ಕೆ ಆ ಕಿಟಕೀಲೇ ಕೋಡ್ ಬರಿ ಅಂದಿರೋದು ನನಗೆ ಗೊತ್ತು" ಎನ್ನುತ್ತಿದ್ದರು. ತಂಗಿಯ ಮಗಳ ಮದುವೆಯನ್ನು ಅವರು ನೋಡಿದ್ದು ಪಿಕ್ನಿಕ್ ಮೇಜಿನ ಮೇಲೆ ಫೋನನ್ನು ನೀರಿನ ಬಾಟಲಿಗೆ ಒರಗಿಸಿಕೊಂಡು. ಹೊಸ ಅಂಗಿ ಹಾಕಿಕೊಂಡಿದ್ದರು.

2023ರಲ್ಲಿ ಧಾರ್ಮಿಕ ಕೆಲಸಗಾರರ ಗ್ರೀನ್ ಕಾರ್ಡ್ ಸಾಲು ಇದ್ದಕ್ಕಿದ್ದಂತೆ ಉದ್ದವಾಯಿತು. ಸರದಿ ಬರುವುದರೊಳಗೆ ಮೇಷ್ಟ್ರ ಐದು ವರ್ಷ ಮುಗಿಯುವುದು ಖಚಿತವಾಯಿತು. ಚರ್ಚಿನ ಲಾಯರು ಬೇರೆ ದಾರಿ ಹುಡುಕೋಣವೆಂದು ಒಂದು ಪತ್ರ ತಯಾರಿಸಿದರು. ಅಸಾಧಾರಣ ಕಂಠ, ಏಕವ್ಯಕ್ತಿ ಗಾಯನದಲ್ಲಿ ಸರಿಸಾಟಿಯಿಲ್ಲ ಎಂದು ಅದರಲ್ಲಿತ್ತು. ಫಾದರ್ ಅದಕ್ಕೆ ಸಹಿ ಹಾಕಬೇಕಿತ್ತು.

ಮೇಷ್ಟ್ರು ಆ ಪತ್ರವನ್ನು ನನಗೆ ತೋರಿಸಿದರು. "ಇದಕ್ಕೆ ಅವರ ಕೈಲಿ ಸಹಿ ಹಾಕಿಸಲ್ಲ ಮೇಡಂ. ನೀವೂ ಬನ್ನಿ ಜೊತೆಗೆ. ಒಬ್ನೇ ಹೇಳೋಕೆ ಆಗಲ್ಲ."

ಫಾದರ್ ಎಪ್ಪತ್ತು ದಾಟಿದ ದೊಡ್ಡ ದೇಹದ ಮನುಷ್ಯ, ಇವರನ್ನು ಮೈಸೂರಿನಿಂದ ಕರೆತಂದವರೇ. ಮೇಷ್ಟ್ರು ನಿಂತುಕೊಂಡೇ ಎಲ್ಲ ಹೇಳಿದರು. ರೆಕಾರ್ಡಿಂಗು, ಆರು ವಾರ, ಐದು ಸ್ವರ. ಫಾದರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನನಗೆ ಗೊತ್ತಿತ್ತು" ಎಂದರು ಇಂಗ್ಲಿಷಿನಲ್ಲಿ. "ಎರಡನೆಯ ವಾರವೇ ಗೊತ್ತಾಯಿತು. ನೀನು ಪ್ರತಿ ಸಲ ಅದೇ ಜಾಗದಲ್ಲಿ ಅದೇ ಥರ ಉಸಿರು ತೆಗೆದುಕೊಳ್ಳುತ್ತಿದ್ದೆ. ಬದುಕಿರುವ ಮನುಷ್ಯ ಹಾಗೆ ಹಾಡುವುದಿಲ್ಲ."

"ಯಾಕೆ ಹೇಳಲಿಲ್ಲ?"

"ನೀನು ಹೇಳುತ್ತೀಯೆಂದು ಕಾದೆ. ಆಮೇಲೆ ನೀವಿಬ್ಬರೂ ಹಾಡಿದಿರಿ. ಕೇಳುವ ಅಗತ್ಯ ಕಾಣಲಿಲ್ಲ."

ಮೇಷ್ಟ್ರು ಕುರ್ಚಿಗಾಗಿ ಹಿಂದಕ್ಕೆ ಕೈ ಚಾಚಿದರು. ನಾನು ಎಳೆದು ಕೊಟ್ಟೆ. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಎರಡು ವರ್ಷಕ್ಕೂ ಮಿಕ್ಕಿ ಒಂದು ಬಾಗಿಲಿಗೆ ಬೆನ್ನು ಕೊಟ್ಟು ಅದುಮಿಕೊಂಡು ನಿಂತಿದ್ದರು. ಆ ಬಾಗಿಲನ್ನು ಆಚೆಯಿಂದ ಯಾರೂ ತಳ್ಳುತ್ತಲೇ ಇರಲಿಲ್ಲ. ಮುಚ್ಚಿಕೊಂಡದ್ದು ಬೇರೆ ಬಾಗಿಲು, ವೀಸಾದ್ದು. ಅದಕ್ಕೆ ಅವರ ಗಂಟಲು ಚೆನ್ನಾಗಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಫಾದರ್ ಪತ್ರ ಹರಿದರು. ನಿಜವಾದದ್ದೊಂದನ್ನು ಬರೆದು ಕೊಟ್ಟರು. ಅದರಿಂದ ಕೆಲಸವಾಗಲಿಲ್ಲ.

2024ರ ಫೆಬ್ರವರಿಯಲ್ಲಿ, ಮೇಷ್ಟ್ರು ಹೊರಡಲು ಎರಡು ತಿಂಗಳಿರುವಾಗ, ನನ್ನ ವರ್ಕ್ ಪರ್ಮಿಟ್ ಟಪಾಲಿನಲ್ಲಿ ಬಂತು. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಮೆಟ್ಟಿಲು ಮುಂದೆ ಹೋಗಿತ್ತು, ಅದರ ಬಾಲವಾಗಿ ನನ್ನದು. ಅದೇ ವಾರ ಫಾದರ್ ನನ್ನನ್ನು ಕರೆದರು. ಪ್ರಾರ್ಥನೆ ನಡೆಸುವುದನ್ನು ಚರ್ಚಿನವರೇ ನೋಡಿಕೊಳ್ಳುತ್ತಾರೆ, ಕಾಯರಿಗೆ ಕಲಿಸುವುದು ಮತ್ತು ಹಾಡುವುದು ನನ್ನ ಕೆಲಸ, ಬರುತ್ತೀಯಾ ಎಂದರು. ಹೆಸರು ಸೂಚಿಸಿದವರು ಮೇಷ್ಟ್ರೇ.

ಪರ್ಮಿಟ್ಟಿನ, ಕೆಲಸದ ಸುದ್ದಿಯನ್ನು ಪಿಕ್ನಿಕ್ ಮೇಜಿನ ಹತ್ತಿರ ಹೇಳಿದೆ. ಅವರು ಊಟದ ಡಬ್ಬಿಯನ್ನು ನಲ್ಲಿಯಲ್ಲಿ ತೊಳೆಯುತ್ತಿದ್ದರು. ತೊಳೆದರು, ಒರೆಸಿದರು, ಮುಚ್ಚಳ ಹಾಕಿದರು.

"ಒಂದ್ ಮಾತು ಹೇಳ್ಲಾ ಮೇಡಂ? ನಂಗೆ ಸಂತೋಷ ಆಗ್ತಿಲ್ಲ. ಆಗ್ಬೇಕು. ನಾನೇ ಹೇಳಿದ್ದು ಫಾದರ್‌ಗೆ. ಆದ್ರೂ ಆಗ್ತಿಲ್ಲ."

"ನಾನು ತಗೊಳ್ಳಲ್ಲ ಬಿಡಿ" ಎಂದೆ.

"ತಗೊಳ್ದಿದ್ರೆ ಇನ್ನೂ ಸಿಟ್ಟು ಬರತ್ತೆ" ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಮಾತು ನನಗೆ ನೋವು ಮಾಡಿತು. ಆದರೆ ಅವರ ಬಗ್ಗೆ ನನಗೆ ಗೌರವ ಹೆಚ್ಚಿದ್ದೂ ಆಗಲೇ. ನಗುತ್ತ ಅಭಿನಂದನೆ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಮಾರನೆಯ ವಾರ ಏನೂ ಆಗದವರಂತೆ ಬಂದು, ಕಾಯರಿನಲ್ಲಿ ಯಾರು ಶ್ರುತಿ ಇಳಿಸುತ್ತಾರೆ, ಯಾರಿಗೆ ಬೈದರೆ ಅಳುತ್ತಾರೆ, ಯಾರನ್ನು ಹೊಗಳಿದರೆ ಕೆಡುತ್ತಾರೆ ಎಂದು ಒಬ್ಬೊಬ್ಬರ ಬಗ್ಗೆ ಹೇಳತೊಡಗಿದರು. ಹೊರಡುವ ದಿನ ಏರ್‌ಪೋರ್ಟಿಗೆ ನಾನು ಡ್ರೈವ್ ಮಾಡಿದೆ. ದಾರಿಯುದ್ದಕ್ಕೂ ಇಬ್ಬರೂ ಟ್ರಾಫಿಕ್ಕಿನ ಬಗ್ಗೆಯೇ ಮಾತಾಡಿದೆವು.

ನಿಯಮದ ಪ್ರಕಾರ ಅವರು ಒಂದು ವರ್ಷ ಹೊರಗಿರಬೇಕಿತ್ತು, ಆಮೇಲೆ ಚರ್ಚು ಮತ್ತೆ ಕರೆಸಬಹುದಿತ್ತು. ವರ್ಷ ತುಂಬಿದ ಕೂಡಲೇ ನಾನು ಫಾದರ್ ಹತ್ತಿರ ಹೋಗಿ, ಕೆಲಸ ಒಂದೇ ಇರುವುದು, ಅದು ಮೇಷ್ಟ್ರದು, ನಾನು ಬಿಡುತ್ತೇನೆ, ಅವರನ್ನು ಕರೆಸಿ ಎಂದೆ. ಅವರು ಯೋಚಿಸಿ ಹೇಳು ಎಂದರು. ಯೋಚಿಸಿಯೇ ಹೇಳಿದ್ದೇನೆ ಎಂದು ಬಂದೆ.

ಎರಡು ದಿನ ಬಿಟ್ಟು, ಶನಿವಾರ ಬೆಳಿಗ್ಗೆ, ಮೈಸೂರಿನಿಂದ ಫೋನು ಬಂತು. ಅಲ್ಲಿ ಸಂಜೆ.

"ಬಿಡ್ತೀನಿ ಅಂದ್ರಂತೆ?"

"ಹೂಂ ಮೇಷ್ಟ್ರೇ. ನೀವು ಬನ್ನಿ."

"ಬಿಡ್ಬೇಡಿ. ನನ್ನ ಸಲುವಾಗಿ ಹೇಳ್ತಿಲ್ಲ ನಾನು. ನಿಮ್ಮ ಮನೆಗೆ ಎಷ್ಟು ಸಲ ಊಟಕ್ಕೆ ಬಂದಿದೀನಿ, ಹತ್ತು ಸಲ? ಪ್ರತಿ ಸಲಾನೂ ನೋಡಿದೀನಿ. ಅಂಗಡಿಗೆ ಹೋಗಿ ಬರೋಕೂ ಮೂರು ಕಾರಣ ಹೇಳ್ತಿದ್ರಿ ನೀವು. ನನ್ನನ್ನ ಹೊರಗೆ ಹಾಕೋಕೆ ಒಂದು ಸರ್ಕಾರ ಬೇಕಾಯ್ತು. ನಿಮ್ಮನ್ನ ಒಳಗೆ ಹಾಕೋಕೆ ಒಂದು ಭಾನುವಾರ ಸಾಕು. ಒಂದ್ಸಲ ಬಿಟ್ರಿ ಅಂದ್ರೆ ಮತ್ತೆ ಹೊರಡೋಕೆ ಆಗಲ್ಲ."

"ನೀವೇನ್ ಮಾಡ್ತಿದೀರಾ?" ಎಂದೆ.

"ಎಂಟನೇ ಕ್ಲಾಸಿಗೆ ಟ್ಯೂಷನ್. ಪ್ಯಾಸಿವ್ ವಾಯ್ಸ್ ನಡೀತಿದೆ" ಎಂದು ತಾವೇ ನಕ್ಕರು.

"ಹಾಡು?"

"ಇಲ್ಲ ಮೇಡಂ" ಎಂದರು. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು. "ಬಂದ್ರು ಇವರು. ಇಡ್ತೀನಿ."

ಫೋನು ಕೆಳಗಿಟ್ಟೆ. ನನ್ನ ಗಂಡ ಅಡುಗೆಮನೆಯ ಕಟ್ಟೆಗೆ ಒರಗಿ ಕಾಫಿ ಕುಡಿಯುತ್ತಿದ್ದರು. ಫಾದರ್‌ಗೆ ನಾನು ಹೇಳಿ ಬಂದದ್ದು ಅವರಿಗೂ ಗೊತ್ತಿತ್ತು.

"ಏನಂತೆ? ಬರ್ತಾರಂತಾ ಅವರು?" ಎಂದು ಕೇಳಿದರು. ನಾನು ಉತ್ತರಿಸುವ ಮೊದಲೇ, ತುಂಬ ಮೆತ್ತಗೆ, "ಹಾಗಾದ್ರೆ ನಾಳೆಯಿಂದ ಮನೇಲಿರ್ತೀಯಾ?" ಎಂದರು.

"ಇಲ್ಲ" ಎಂದೆ. "ಒಂಬತ್ತಕ್ಕೆ ಹಾಡೋದಿದೆ."